ಡೀಸೆಲ್ ಕಾರ್ಡಿನ ಬಾಕಿ, ಲಾರಿಯ ಜಾಡು: ಎರಡಕ್ಕೂ ಒಂದೇ ಡೇಟಾಬೇಸ್ ಏಕೆ ಸಾಲದು

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ತಂಡವು ಸರಕು ಸಾಗಣೆದಾರರಿಗಾಗಿ ಎರಡು ಸೇವೆಗಳನ್ನು ನಡೆಸುತ್ತದೆ. ಲಾರಿಗಳಲ್ಲಿ ಅಳವಡಿಸಿದ ಜಿಪಿಎಸ್ ಸಾಧನಗಳಿಂದ ಬರುವ ಸ್ಥಳದ ಮಾಹಿತಿಯನ್ನು ಕೂಡಿಡುವುದು ಒಂದು. ಚಾಲಕರ ಬಳಿ ಇರುವ ಡೀಸೆಲ್ ಕಾರ್ಡಿನ ಲೆಕ್ಕ ಇಡುವುದು ಇನ್ನೊಂದು. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಏರಿಸಿಕೊಂಡು ಸಾತಾರಾ, ಕೊಲ್ಹಾಪುರ, ಬೆಳಗಾವಿ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಒಂದೇ ಲಾರಿ ಎರಡನ್ನೂ ಬಳಸುವುದರಿಂದ, ಎರಡಕ್ಕೂ ಒಂದೇ ಡೇಟಾಬೇಸ್ ಇರಲಿ ಎಂಬ ವಾದ ವಿನ್ಯಾಸದ ಆರಂಭದಲ್ಲೇ ಬಂತು. ನಿರ್ವಹಣೆಯ ದೃಷ್ಟಿಯಿಂದ ಅದು ತಳ್ಳಿಹಾಕುವಂಥ ವಾದವಲ್ಲ: ಒಂದೇ ಬ್ಯಾಕಪ್, ಒಂದೇ ಮಾನಿಟರಿಂಗ್, ರಾತ್ರಿ ಪಾಳಿಯವರು ಕಲಿಯಬೇಕಾದದ್ದೂ ಒಂದೇ. ಆದರೂ ನಾವು ಎರಡನ್ನು ಆರಿಸಿಕೊಂಡೆವು. ತಪ್ಪು ಉತ್ತರ ಬಂದರೆ ಯಾರಿಗೆ ಏನು ನಷ್ಟವಾಗುತ್ತದೆ ಎಂಬ ಪ್ರಶ್ನೆಗೆ ಆ ಎರಡು ಸೇವೆಗಳು ಕೊಡುವ ಉತ್ತರ ಬೇರೆ ಬೇರೆ ಎಂಬುದೇ ಅದಕ್ಕೆ ಕಾರಣ.

ಇಂಥ ಚರ್ಚೆಗಳು ಸಾಮಾನ್ಯವಾಗಿ ಕ್ಯಾಪ್ ಪ್ರಮೇಯದಿಂದ ಶುರುವಾಗುತ್ತವೆ. 2000ರಲ್ಲಿ ಎರಿಕ್ ಬ್ರೂವರ್ ಮುಂದಿಟ್ಟ, 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಾಧಿಸಿ ತೋರಿಸಿದ ಈ ಪ್ರಮೇಯದ ಪ್ರಕಾರ, ಜಾಲ ತುಂಡಾದಾಗ ಉತ್ತರಗಳೆಲ್ಲ ಒಂದೇ ಆಗಿರಬೇಕೆಂದರೆ ಬೇರೆ ಬೇರೆ ಸರ್ವರುಗಳಲ್ಲಿರುವ ಅದೇ ದತ್ತಾಂಶದ ಪ್ರತಿಗಳಲ್ಲಿ ಕೆಲವು ಉತ್ತರಿಸದೆ ಸುಮ್ಮನಿರಬೇಕು. ಎಲ್ಲವೂ ಉತ್ತರಿಸಬೇಕೆಂದರೆ ಉತ್ತರಗಳಲ್ಲಿ ವ್ಯತ್ಯಾಸ ಬರುವುದನ್ನು ಒಪ್ಪಿಕೊಳ್ಳಬೇಕು. ಸಂದರ್ಶನಗಳಲ್ಲಿ ಇದನ್ನು ಕೇಳದವರಿಲ್ಲ. ಆದರೆ ದಿನನಿತ್ಯದ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ನೆರವಿಗೆ ಬರುವುದು ಡೇನಿಯಲ್ ಅಬಾದಿ 2012ರ ಲೇಖನದಲ್ಲಿ ವಿವರಿಸಿದ ವಿಸ್ತರಣೆ ಎಂದು ನನ್ನ ಅಭಿಪ್ರಾಯ: ಜಾಲ ಸರಿಯಾಗಿರುವಾಗಲೂ ವಿಳಂಬ ಮತ್ತು ಏಕರೂಪತೆಯ ನಡುವೆ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ. ಜಾಲ ತುಂಡಾಗುವುದು ಅಪರೂಪ, ವಿಳಂಬವನ್ನಾದರೋ ಪ್ರತಿ ರೈಟ್‌ನಲ್ಲೂ (ಡೇಟಾಬೇಸಿಗೆ ಬರೆಯುವ ಪ್ರತಿ ಸಲವೂ) ಸಹಿಸಬೇಕು.

ಆ ವಿಳಂಬ ಎಷ್ಟೆಂಬುದನ್ನು ಕಾಗದದ ಮೇಲೆಯೇ ಅಂದಾಜು ಮಾಡಬಹುದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮುಂಬೈ ಮತ್ತು ಹೈದರಾಬಾದ್ ನಡುವಿನ ನೇರ ಅಂತರ 600 ಕಿಲೋಮೀಟರಿಗಿಂತ ತುಸು ಹೆಚ್ಚಿರುವುದರಿಂದ ಹೋಗಿ ಬರಲು ಕನಿಷ್ಠ 6 ಮಿಲಿಸೆಕೆಂಡು ಬೇಕು. ಕೇಬಲ್ಲು ನೇರವಾಗಿ ಸಾಗುವುದಿಲ್ಲ, ದಾರಿಯಲ್ಲಿ ರೂಟರುಗಳೂ ಇರುತ್ತವೆ. ಹಾಗಾಗಿ ಅಳೆದಾಗ ಸಿಗುವ ಅಂಕಿ ಯಾವಾಗಲೂ ಇದಕ್ಕಿಂತ ದೊಡ್ಡದು. ಎಷ್ಟು ದುಬಾರಿ ಸರ್ವರ್ ತಂದರೂ ಇದನ್ನು ಇಳಿಸಲಾಗದು.

ಹೈದರಾಬಾದಿನ ಮಾತು ಬಂದದ್ದಕ್ಕೂ ಹಿನ್ನೆಲೆಯಿದೆ. ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ಭಾರತದಲ್ಲಿ ಮಾತ್ರ ಸಂಗ್ರಹಿಸಿಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದ್ದರಿಂದ ಕಾರ್ಡಿನ ಲೆಕ್ಕದ ಪ್ರತಿಯನ್ನು ಸಿಂಗಪುರದಲ್ಲಿ ಇಡುವಂತಿರಲಿಲ್ಲ. ಅಮೆಜಾನಿನ ಮುಂಬೈ ರೀಜನ್ (ಬಾಡಿಗೆಗೆ ಸಿಗುವ ಸರ್ವರುಗಳ ಕೇಂದ್ರ) 2016ರಲ್ಲೇ ಆರಂಭವಾಗಿದ್ದರೂ, ದೇಶದೊಳಗಿನ ಅದರ ಎರಡನೆಯ ರೀಜನ್ ಹೈದರಾಬಾದಿನಲ್ಲಿ ಬಂದದ್ದು 2022ರಲ್ಲಿ. ಎರಡು ಊರು ಇವೆಯೆಂದು ತಿಳಿದ ಮೇಲೆ ಮೇಲಿನವರ ಬೇಡಿಕೆಯೂ ಸಿದ್ಧವಾಯಿತು: ಎರಡೂ ಕಡೆ ರೈಟ್ ನಡೆಯಲಿ, ಒಂದು ಬಿದ್ದರೆ ಇನ್ನೊಂದು ತಾನಾಗಿ ನಡೆಸಿಕೊಂಡು ಹೋಗಲಿ, ಒಂದು ರೂಪಾಯಿಯ ಲೆಕ್ಕವೂ ತಪ್ಪದಿರಲಿ.

ಎರಡೇ ಊರುಗಳಲ್ಲಿ ಇದು ಆಗದ ಮಾತು. ಪ್ರತಿಗಳು ಮತ ಹಾಕಿ ಒಂದೇ ತೀರ್ಮಾನಕ್ಕೆ ಬರುವ ರಾಫ್ಟ್ ಅಥವಾ ಪ್ಯಾಕ್ಸೋಸ್ ಬಗೆಯ ಒಮ್ಮತದ ವ್ಯವಸ್ಥೆಗೆ ಬಹುಮತ ಬೇಕು, ಮೂರರಲ್ಲಿ ಎರಡು ಅಥವಾ ಐದರಲ್ಲಿ ಮೂರು. ಇವನ್ನು ಎರಡು ಊರುಗಳಿಗೆ ಹೇಗೆ ಹಂಚಿದರೂ ಬಹುಮತ ಒಂದೇ ಕಡೆ ಇರುತ್ತದೆ. ಆ ಊರು ಕೈಕೊಟ್ಟರೆ ಉಳಿದದ್ದು ಎಷ್ಟೇ ಗಟ್ಟಿಯಾಗಿದ್ದರೂ ಬರೆಯಲಾರದು. ಬಹುಮತವನ್ನು ಬದಿಗಿಟ್ಟು ಅಸಿಂಕ್ರನಸ್ ಆಗಿ, ಅಂದರೆ ಇನ್ನೊಂದು ಕಡೆಯ ಒಪ್ಪಿಗೆಗೆ ಕಾಯದೆ, ಪ್ರತಿ ಮಾಡಿದರೆ ಏನಾಗಬಹುದು ಎಂಬುದಕ್ಕೆ ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಹಬ್ ಸ್ವತಃ ಪ್ರಕಟಿಸಿದ ವರದಿಯನ್ನು ನಾನು ಹೊಸಬರಿಗೆ ಓದಲು ಹೇಳುತ್ತೇನೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯ ಅವರ ಕೇಂದ್ರದ ಸಂಪರ್ಕ ಕಡಿದದ್ದು 43 ಸೆಕೆಂಡು. ಅಷ್ಟರಲ್ಲಿ ಪಶ್ಚಿಮದ ಪ್ರತಿಯೇ ಪ್ರಧಾನವೆಂದು ಘೋಷಣೆಯಾಗಿ, ಒಂದು ಕಡೆಯ ರೈಟ್‌ಗಳು ಇನ್ನೊಂದು ಕಡೆ ಇಲ್ಲದಂತಾಗಿ, ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಆದ್ದರಿಂದ ಮೂರನೆಯ ಸ್ಥಳವೊಂದು ಬೇಕಾಯಿತು. ಮೈಕ್ರೋಸಾಫ್ಟಿನ ಸೆಂಟ್ರಲ್ ಇಂಡಿಯಾ ರೀಜನ್ ಪುಣೆಯಲ್ಲಿದೆ (ಈ ಊರಿನಲ್ಲೇ ಕೋಡ್ ಬರೆಯುವ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ). ಅಲ್ಲಿ ಪೂರ್ಣ ದತ್ತಾಂಶವನ್ನಿಡದೆ, ಲಾಗನ್ನು (ರೈಟ್‌ಗಳ ಸರದಿ ದಾಖಲೆಯನ್ನು) ಉಳಿಸಿಕೊಂಡು ಮತ ಹಾಕುವ ಒಂದು ಚಿಕ್ಕ ನೋಡ್, ಅಂದರೆ ಸರ್ವರ್, ಮಾತ್ರ ಇಟ್ಟೆವು. ಮುಂಬೈ–ಪುಣೆ ನೇರ ಅಂತರ ಸುಮಾರು 120 ಕಿಲೋಮೀಟರ್ ಮಾತ್ರವಾದ್ದರಿಂದ ಈ ಎರಡು ಒಪ್ಪಿದರೆ ರೈಟ್ ಮುಗಿಯುತ್ತದೆ, ಹೈದರಾಬಾದಿಗಾಗಿ ಕಾಯಬೇಕಾಗಿಲ್ಲ. ವಿಳಂಬ ತಗ್ಗಿತು, ಆದರೆ ಹತ್ತಿರದ ಎರಡು ಊರುಗಳನ್ನು ಒಂದೇ ವಿಪತ್ತು ತಾಕಿದರೆ ಬಹುಮತವೇ ಹೋಗುತ್ತದೆ. ಅದನ್ನು ಅರಿತೇ ಒಪ್ಪಿಕೊಂಡು, ವಿನ್ಯಾಸದ ದಾಖಲೆಯಲ್ಲಿ ಬರೆದು, ಹಣಕಾಸು ವಿಭಾಗದವರ ಸಹಿ ಹಾಕಿಸಿಕೊಂಡಿದ್ದೇವೆ.

ಸ್ಥಳದ ಮಾಹಿತಿಗೆ ಇಷ್ಟೆಲ್ಲ ಬೇಡ. ಅಲ್ಲಿ ರೈಟ್‌ಗಳು ಹಗಲಿರುಳು ಹರಿದು ಬರುತ್ತವೆ, ಓದುವವರು ಕಡಿಮೆ, ಒಂದು ಬಿಂದು ಕಳೆದರೆ ಅದರ ಹಿಂದೆಯೇ ಮತ್ತೊಂದು ಬರುತ್ತದೆ. ಮೂರು ಪ್ರತಿಗಳಲ್ಲಿ ಒಂದು ಒಪ್ಪಿದರೆ ಸಾಕು. ಇದಕ್ಕೆ ಎಲ್‌ಎಸ್‌ಎಂ ಟ್ರೀ ಎಂಬ ಸಂಗ್ರಹ ವಿಧಾನದ ಆಧಾರದ ಕಸಾಂಡ್ರಾ ಡೇಟಾಬೇಸ್ ಒಗ್ಗುತ್ತದೆ. ಬಂದದ್ದನ್ನು ಲಾಗ್‌ಗೆ ಬರೆದು, ಮೆಮೊರಿಯಲ್ಲಿ ವಿಂಗಡಿಸಿಟ್ಟು, ತುಂಬಿದಾಗ ಒಂದೇ ಓಟದಲ್ಲಿ ಡಿಸ್ಕಿಗೆ ಇಳಿಸುವುದರಿಂದ ಬಿ-ಟ್ರೀ ಎಂಬ ಇನ್ನೊಂದು ವಿಧಾನದಲ್ಲಿರುವಂತೆ ಡಿಸ್ಕಿನಲ್ಲಿ ಪುಟ ಹುಡುಕಿ ಅಲ್ಲಿಯೇ ತಿದ್ದುವ ಕೆಲಸ ಇರುವುದಿಲ್ಲ. ಉಳಿದ ಶ್ರಮವೆಲ್ಲ ಆಮೇಲೆ ಬೀಳುತ್ತದೆ: ಕಡತಗಳನ್ನು ವಿಲೀನಗೊಳಿಸುವ ಕಂಪ್ಯಾಕ್ಷನ್ ಹಿನ್ನೆಲೆಯಲ್ಲಿ ಡಿಸ್ಕನ್ನು ದುಡಿಸುತ್ತಲೇ ಇರುತ್ತದೆ, ಅಳಿಸಿದ ಸಾಲುಗಳು ಟೂಂಬ್‌ಸ್ಟೋನ್ ಎಂಬ ಗುರುತುಗಳಾಗಿ ಉಳಿಯುತ್ತವೆ, ಮತ್ತು ಸೆಟ್ಟಿಂಗ್ ಬದಲಿಸದಿದ್ದರೆ ಆ ಗುರುತುಗಳು ಕನಿಷ್ಠ 10 ದಿನ ಹೋಗುವುದಿಲ್ಲ.

ಇಲ್ಲಿ ಎಚ್ಚರ ಬೇಕಾದದ್ದು ಗಡಿಯಾರದ ವಿಷಯದಲ್ಲಿ. ಸಾತಾರಾಕ್ಕಿಂತ ಮೊದಲು ಸಿಗುವ ಖಂಬಾಟಕಿ ಘಾಟಿನಲ್ಲಿ ಲಾರಿಗೆ ಸಿಗ್ನಲ್ ತಪ್ಪಿದಾಗ ಸಾಧನವು ಬಿಂದುಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ; ಸಿಗ್ನಲ್ ಮರಳಿದಾಗ ತಾಜಾ ಬಿಂದುವನ್ನು ಮೊದಲು ಕಳಿಸಿ, ಹಳೆಯವನ್ನು ಆಮೇಲೆ ಕಳಿಸುತ್ತದೆ. ಕೊನೆಗೆ ಬಂದದ್ದೇ ನಿಜವೆಂಬ ನಿಯಮವನ್ನು ಸರ್ವರಿನ ಗಡಿಯಾರಕ್ಕೆ ಕಟ್ಟಿದರೆ, ಸಾತಾರಾ ತಲುಪಿದ ಲಾರಿ ನಕಾಶೆಯಲ್ಲಿ ಘಾಟಿಗೆ ಹಿಂದಿರುಗಿದಂತೆ ಕಾಣುತ್ತದೆ. ಬಿಂದು ಹುಟ್ಟಿದ ಜಿಪಿಎಸ್ ಸಮಯವನ್ನೇ ಕೀಯ (ಸಾಲನ್ನು ಗುರುತಿಸುವ ಮೌಲ್ಯದ) ಭಾಗವಾಗಿಸಿದರೆ ಸಾಲುಗಳು ತಾವಾಗಿ ಸರಿಯಾದ ಕ್ರಮದಲ್ಲಿ ಕೂರುತ್ತವೆ, ಒಂದೇ ಬಿಂದು ಎರಡು ಸಲ ಬಂದರೂ ಒಂದಾಗಿಯೇ ಉಳಿಯುತ್ತದೆ.

ಕಾರ್ಡಿನ ಲೆಕ್ಕ ಹೆಚ್ಚು ತೊಡಕಿನದು. ಪಂಪಿನ ಸ್ವೈಪ್ ಯಂತ್ರ ಕೋರಿಕೆ ಕಳಿಸುತ್ತದೆ, ನಾವು ಹಣ ಕಡಿತ ಮಾಡುತ್ತೇವೆ, ಉತ್ತರ ದಾರಿಯಲ್ಲಿ ಕಳೆದುಹೋಗುತ್ತದೆ. ಯಂತ್ರಕ್ಕೆ ತಿಳಿಯುವುದು ಟೈಮ್‌ಔಟ್ ಆಯಿತೆಂದಷ್ಟೇ. ಹಣ ಹೋಯಿತೋ ಉಳಿಯಿತೋ ಅದರಿಂದ ತಿಳಿಯದು. ಅದು ಮತ್ತೆ ಕಳಿಸಿಯೇ ಕಳಿಸುತ್ತದೆ. ಹಾಗಾಗಿ ವ್ಯವಹಾರದ ಸಂಖ್ಯೆಯನ್ನು ಯಂತ್ರವೇ ಹುಟ್ಟಿಸಬೇಕು, ಆ ಸಂಖ್ಯೆ ಮತ್ತು ಕಡಿತ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗುವ, ಇಲ್ಲವಾದರೆ ಎರಡೂ ಆಗದ ಹಾಗೆ) ದಾಖಲಾಗಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡಬೇಕು. ಈ ಒಂದು ಅಗತ್ಯದಿಂದಲೇ ಹಲವು ಸಾಲುಗಳ ಟ್ರಾನ್ಸಾಕ್ಷನ್ ಇಲ್ಲದ ಡೇಟಾಬೇಸುಗಳೆಲ್ಲ ನಮ್ಮ ಪಟ್ಟಿಯಿಂದ ಹೊರಬಿದ್ದವು.

ಬಹುಮತ ಸಿಗದ ಹೊತ್ತಿನಲ್ಲಿ ಕಾರ್ಡನ್ನು ನಿರಾಕರಿಸಬೇಕೋ ಒಪ್ಪಬೇಕೋ ಎಂದು ಕಳಂಬೋಲಿಯಲ್ಲಿ ಆಫೀಸು ಇಟ್ಟಿರುವ ಬೆಳಗಾವಿ ಕಡೆಯ ಲಾರಿ ಮಾಲೀಕರೊಬ್ಬರನ್ನು ಕೇಳಿದ್ದೆವು. “ಗಾಡಿ ಎಲ್ಲೈತಿ ಅನ್ನೂದು ಹತ್ತು ನಿಮಿಷ ತಡಾ ಆದ್ರ ನಡಿತೈತ್ರಿ ಸರ. ರೊಕ್ಕ ಎರಡ ಸಲ ಹೋದ್ರ ನಡಿಯೂದಿಲ್ಲ, ರಾತ್ರಿ ಡ್ರೈವರ್ ಪಂಪಿನ್ಯಾಗ ನಿಂತು ಫೋನ್ ಹಚ್ಚಿದ್ರೂ ನಡಿಯೂದಿಲ್ಲ” ಎಂದರು. ಎರಡನ್ನೂ ಒಟ್ಟಿಗೆ ಕೊಡಲಾಗದು ಎಂದು ಪ್ರಮೇಯ ಹೇಳುತ್ತದೆ, ಆದರೆ ಕೇಳಿದ್ದನ್ನು ತುಸು ಬದಲಿಸಿದರೆ ದಾರಿಯಿದೆ. ಪ್ಯಾಟ್ರಿಕ್ ಓನೀಲ್ 1986ರಲ್ಲಿ ಪ್ರಕಟಿಸಿದ ಎಸ್ಕ್ರೋ ವಿಧಾನದ ತಿರುಳನ್ನು ನಾವು ಬಳಸಿಕೊಂಡೆವು (1996ರಲ್ಲಿ ಎಲ್‌ಎಸ್‌ಎಂ ಟ್ರೀಯನ್ನು ವಿವರಿಸಿದ ಲೇಖಕರಲ್ಲಿ ಮೊದಲ ಹೆಸರೂ ಅವರದೇ). ಪ್ರತಿ ಕಾರ್ಡಿನ ಬಾಕಿಯಲ್ಲಿ, ಅಂದರೆ ಅದರಲ್ಲಿ ಉಳಿದಿರುವ ಹಣದಲ್ಲಿ, ಒಂದು ಪಾಲನ್ನು ಮೊದಲೇ ಬಹುಮತದಿಂದ ಕಡಿದು ಹೈದರಾಬಾದಿನ ವಶಕ್ಕೆ ಕೊಡುತ್ತೇವೆ. ಸಂಪರ್ಕ ಕಡಿದಾಗ ಆ ಪಾಲಿನೊಳಗಿನ ಸ್ವೈಪ್‌ಗಳನ್ನು ಅದು ಯಾರನ್ನೂ ಕೇಳದೆ ಒಪ್ಪಬಹುದು. ಪಾಲುಗಳ ಮೊತ್ತ ಬಾಕಿಯನ್ನು ಮೀರುವುದಿಲ್ಲವಾದ್ದರಿಂದ ಕಾರ್ಡಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಖರ್ಚಾಗಲಾರದು.

ಪಾಲು ಎಷ್ಟಿರಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗದ ಜಗಳ. ದೊಡ್ಡದಾಗಿಟ್ಟರೆ ಸಂಪರ್ಕವಿಲ್ಲದೆ ಹೆಚ್ಚು ಹೊತ್ತು ತಾಳಬಹುದು, ಆದರೆ ಆ ಹಣ ಮುಂಬೈಗೆ ಕಾಣಿಸದೆ, ಬಾಕಿ ಇದ್ದೂ ಕಾರ್ಡು ನಿರಾಕರಣೆಯಾಗುವ ಸಂದರ್ಭ ಬರುತ್ತದೆ. ಚಿಕ್ಕದಾಗಿಟ್ಟರೆ ಒಂದೇ ಸ್ವೈಪ್‌ಗೆ ಅದು ಮುಗಿದುಹೋಗುತ್ತದೆ. ಸದ್ಯಕ್ಕೆ ಆ ಕಾರ್ಡಿನ ಹಿಂದಿನ ತಿಂಗಳ ಅತಿ ದೊಡ್ಡ ಒಂದು ಬಿಲ್ಲಿನಷ್ಟು ಇಟ್ಟಿದ್ದೇವೆ. ಬಿಲ್ಲೇ ಇಲ್ಲದ ಹೊಸ ಕಾರ್ಡುಗಳಿಗೆ ಮಾಲೀಕರು ಬರೆದುಕೊಟ್ಟ ಮೊತ್ತವನ್ನು ಹಾಕುತ್ತೇವೆ.