ಕುರಿಮರಿಯನ್ನು ಹಾಸಿಗೆಯ ಬಳಿ ತಂದಾಗ ಏನನ್ನು ನೋಡಬೇಕು

ತಲೆಗೆ ತೀವ್ರ ಪೆಟ್ಟಾಗಿ, ಪ್ರಜ್ಞೆ ಪೂರ್ತಿಯಾಗಿ ಮರಳದೆ ಮನೆಯಲ್ಲೇ ಮಲಗಿರುವವರಿಗೆ ಫಿಸಿಯೋಥೆರಪಿ ಮಾಡಲು ನಾನು ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತೇನೆ. ಇವರಲ್ಲಿ ಹೆಚ್ಚಿನವರು ರಸ್ತೆ ಅಪಘಾತದಲ್ಲಿ ಗಾಯಗೊಂಡು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೂಗಿನಲ್ಲಿ ಆಹಾರದ ಪೈಪಿನೊಂದಿಗೆ ಊರಿಗೆ ಮರಳಿದವರು. ಕಣ್ಣು ತೆರೆದಿರುತ್ತದೆ, ಆದರೆ ಆ ನೋಟದಲ್ಲಿ ಅರಿವಿದೆಯೇ ಎಂಬುದು ಮನೆಯವರಿಗೆ ತಿಳಿಯದು.

ತಜ್ಞರಿಗೂ ಇದು ಸುಲಭದ ಪ್ರಶ್ನೆಯಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರಿವೇ ಇಲ್ಲವೆಂದು ವೈದ್ಯರ ತಂಡ ತೀರ್ಮಾನಿಸಿದ್ದವರ ಪೈಕಿ ಸುಮಾರು 40 ಶೇಕಡಾ ಜನರಲ್ಲಿ, ಕ್ರಮಬದ್ಧ ಮಾಪನದಿಂದ ಪರೀಕ್ಷಿಸಿದಾಗ, ಅರಿವಿನ ಲಕ್ಷಣಗಳು ಕಂಡಿದ್ದವು. ಇಂಥವರ ಪ್ರತಿಕ್ರಿಯೆ ಒಂದು ಹೊತ್ತಿನಲ್ಲಿ ಕಾಣಿಸಿ ಇನ್ನೊಂದು ಹೊತ್ತಿನಲ್ಲಿ ಕಾಣಿಸದೇ ಇರಬಹುದು. ಅವರ ಮುಂದೆ ಏನನ್ನು ಇಡುತ್ತೇವೆ ಎಂಬುದೂ ಮುಖ್ಯ. ಕಣ್ಣು ವಸ್ತುವನ್ನು ಹಿಂಬಾಲಿಸುತ್ತದೆಯೇ ಎಂದು ನೋಡಲು ಬೇರೆ ವಸ್ತುಗಳಿಗಿಂತ ಕನ್ನಡಿಯೇ ಒಳ್ಳೆಯದು, ಏಕೆಂದರೆ ತಮ್ಮದೇ ಮುಖ ಅವರನ್ನು ಹೆಚ್ಚು ಸೆಳೆಯುತ್ತದೆ. ಪ್ರಾಣಿಗಳ ನೆರವಿನ ಚಿಕಿತ್ಸೆಯ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕನಿಷ್ಠ ಪ್ರಜ್ಞಾಸ್ಥಿತಿಯಲ್ಲಿದ್ದ (ಅಂದರೆ ಅರಿವು ಅಲ್ಪವಾಗಿ, ಆಗಾಗ ಮಾತ್ರ ಕಾಣುವ) 10 ರೋಗಿಗಳಿಗೆ ಪ್ರಾಣಿ ಇರುವ ಮತ್ತು ಇಲ್ಲದ ಚಿಕಿತ್ಸೆಗಳನ್ನು ಕೊಟ್ಟು ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪ್ರಾಣಿ ಜೊತೆಗಿದ್ದಾಗ, ಸ್ಪರ್ಶಕ್ಕೆ ಪ್ರತಿಯಾಗಿ ಕಣ್ಣಿನ ಚಲನೆಯೂ ಸ್ವಂತ ಚಲನೆಯೂ ಹೆಚ್ಚಾದವು. ಸಂತೋಷದ ಭಾವಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಅಂಶವನ್ನೂ ನಾನು ಮನೆಯವರಿಗೆ ಹೇಳುತ್ತೇನೆ. ಭರವಸೆಗಾಗಿ ಹಂಬಲಿಸುವವರಿಗೆ ಅರ್ಧ ಸತ್ಯ ಹೇಳುವುದು ಅನ್ಯಾಯ.

ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ, ಚಿಕ್ಕಂದಿನಿಂದ ಕುರಿ ಕಾಯ್ದ ಯುವಕನೊಬ್ಬನ ತಾಯಿ, “ಮರಿ ತಂದು ಪಕ್ಕದಲ್ಲಿ ಬಿಡ್ಲಾ ಮೇಡಂ?” ಎಂದು ಕೇಳಿದರು. ನಾನು ಒಪ್ಪಿದೆ, ಆದರೆ ಹೋಲಿಸಿ ನೋಡಲು ಒಂದು ಉಣ್ಣೆಯ ಕಂಬಳಿಯನ್ನೂ ಇಟ್ಟುಕೊಂಡೆ. ಅಂಗೈಗೆ ಮರಿಯ ಮೈ ತಾಗಿದಾಗ ಬೆರಳುಗಳು ಮುಚ್ಚಿಕೊಂಡವು, ತಾಯಿ ಅತ್ತುಬಿಟ್ಟರು. ಕಂಬಳಿ ತಾಗಿಸಿದಾಗಲೂ ಬೆರಳು ಹಾಗೆಯೇ ಮುಚ್ಚಿದವು. ಅದು ಮಿದುಳಿನ ಗಾಯದ ನಂತರ ಉಳಿಯಬಹುದಾದ, ಇಚ್ಛೆಯಿಲ್ಲದೆ ತಾನಾಗಿಯೇ ಆಗುವ ಪರಾವರ್ತಿತ ಕ್ರಿಯೆ, ಅರಿವಿಗೆ ಸಾಕ್ಷಿಯಲ್ಲ. ಕಣ್ಣಿನ ವಿಷಯ ಬೇರೆಯಾಗಿತ್ತು. ಮರಿಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿಸಿದಾಗ ನೋಟ ಅದರೊಂದಿಗೆ ಸಾಗಿತು; ಕಂಬಳಿಯೊಂದಿಗೆ ಸಾಗಲಿಲ್ಲ. ಮುಂದಿನ ಭೇಟಿಗಳಲ್ಲಿ ಕೆಲವೊಮ್ಮೆ ಮತ್ತೆ ಹೀಗಾಯಿತು, ಕೆಲವೊಮ್ಮೆ ಏನೂ ಆಗಲಿಲ್ಲ.

ಈ ಕೆಲಸದಲ್ಲಿ ಅತ್ಯಂತ ಕಷ್ಟವಾದದ್ದು ಕಾಯುವುದು. ತಾಯಿ ಪ್ರೀತಿಯಿಂದ ಮಗನ ಕೈಯನ್ನು ಎತ್ತಿ ಮರಿಯ ಮೇಲೆ ಸವರಿಸುತ್ತಿದ್ದರು. ಆಗ ಚಲನೆ ಯಾರದ್ದೆಂದು ತಿಳಿಯುವುದಿಲ್ಲ. ಕೈಯನ್ನು ಮರಿಯ ಹತ್ತಿರ ಇಟ್ಟು, ಹೆಸರು ಹಿಡಿದು ಒಮ್ಮೆ ಕರೆದು, ಟಿವಿ ಆರಿಸಿ, ಮಾತಿಲ್ಲದೆ ಕಾಯಬೇಕು. ಉಸಿರು ವೇಗವಾದರೆ, ಬೆವರಿದರೆ ಅಥವಾ ಮೈ ಬಿಗಿದರೆ ಅಲ್ಲಿಗೆ ನಿಲ್ಲಿಸಬೇಕು. ಮರಿ ಅರಚಿ ಕೊಸರಾಡಿದರೂ ಬಿಟ್ಟುಬಿಡಬೇಕು, ಏಕೆಂದರೆ ಅದರ ಭಯವೂ ಭಯವೇ.

ಸೋಂಕಿನ ಎಚ್ಚರಿಕೆಯಲ್ಲಿ ರಿಯಾಯಿತಿಯಿಲ್ಲ. ಉಸಿರಾಟಕ್ಕಾಗಿ ಮಾಡಿದ ಗಂಟಲಿನ ರಂಧ್ರವನ್ನಾಗಲಿ ಹಾಸಿಗೆ ಹುಣ್ಣನ್ನಾಗಲಿ ಪ್ರಾಣಿ ನೆಕ್ಕಬಾರದು. ಉಣ್ಣಿ ಇರುವ ಪ್ರಾಣಿಯೂ, ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯವಿರುವ ಈಗಷ್ಟೇ ಈದ ಕುರಿಯೂ ಹತ್ತಿರ ಬರಬಾರದು. ನಾಯಿಯಾದರೆ ರೇಬೀಸ್ ಲಸಿಕೆ ಆಗಿರಲೇಬೇಕು.

ಆ ತಾಯಿ ಈಗ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಏನು ತೋರಿಸಿದರು, ಕಣ್ಣು ಯಾವ ಕಡೆ ಹೋಯಿತು ಎಂಬುದನ್ನು, ಏನೂ ಆಗದ ದಿನಗಳನ್ನೂ ಸೇರಿಸಿ, ಬರೆದಿಡುತ್ತಾರೆ. ಮುಂದಿನ ಸಲ ನರರೋಗ ತಜ್ಞರ ಬಳಿ ಹೋಗುವಾಗ ಆ ಪುಸ್ತಕವನ್ನೂ ಮೊಬೈಲಿನ ವಿಡಿಯೊಗಳನ್ನೂ ಕೊಂಡೊಯ್ದು, ಕ್ರಮಬದ್ಧವಾದ ಮರುಪರೀಕ್ಷೆಗೆ ಕೇಳಿಕೊಳ್ಳುವಂತೆ ತಿಳಿಸಿದ್ದೇನೆ.