ಬುಧವಾರದ ರಾಶಿ: ಕಾಳೆಷ್ಟು, ಜೊಳ್ಳೆಷ್ಟು?

ಬುಧವಾರ ಬಂತೆಂದರೆ ಅಮೆರಿಕದ ಕಾಮಿಕ್ಸ್ ಅಂಗಡಿಗಳಲ್ಲಿ ಹೊಸ ಸಂಚಿಕೆಗಳ ಸುಗ್ಗಿ. 2020ರಲ್ಲಿ ಮಂಗಳವಾರಕ್ಕೆ ಜಿಗಿದಿದ್ದ ಪ್ರಕಾಶನ ಸಂಸ್ಥೆ ಡಿಸಿ ಕೂಡ 2024ರ ಜುಲೈನಲ್ಲಿ ಬುಧವಾರಕ್ಕೇ ಮರಳಿತು.

ಒಂದು ಮಾಮೂಲಿ ಸಂಚಿಕೆಯಲ್ಲಿ ಕಥೆಗೆ ಸಿಗುವುದು 20ರಿಂದ 22 ಪುಟ. ಅದರಲ್ಲಿ ನಾಲ್ಕೈದು ಪುಟ ಬರೀ ಪೋಸು ಕೊಡುವುದಕ್ಕೇ ಹೋದರೆ 4.99 ಡಾಲರ್ ದುಬಾರಿಯೇ.

ನಾನು ಮೊದಲು ನೋಡುವುದು ಪುಟ ತಿರುವನ್ನು. ಅಚ್ಚಿನಲ್ಲಿ ಬೆರಗಿನ ದೃಶ್ಯ ಎಡಪುಟದಲ್ಲಿರಬೇಕು. ಬಲಪುಟದಲ್ಲಿಟ್ಟರೆ ಹಿಂದಿನ ಪುಟ ಓದುವಾಗಲೇ ಕಣ್ಣಂಚಿಗೆ ಬಿದ್ದು ಗುಟ್ಟು ರಟ್ಟು. ನಡುವೆ ಒಂದೇ ಒಂದು ಜಾಹೀರಾತು ಪುಟ ನುಸುಳಿದರೂ ಈ ಲೆಕ್ಕ ತಲೆಕೆಳಗು. ಪಾಪ, ಬೈಗುಳ ಮಾತ್ರ ಚಿತ್ರಕಾರರಿಗೆ.

ಇಂಕಿಂಗ್‌ಗೆ, ಅಂದರೆ ಪೆನ್ಸಿಲ್ ಚಿತ್ರದ ಮೇಲೆ ಶಾಯಿ ಎಳೆಯುವ ಕೆಲಸಕ್ಕೆ, ಮೂರು ಹೆಸರು ಕಂಡರೆ ಗಡುವು ಕುತ್ತಿಗೆಗೆ ಬಂದಿತ್ತೆಂದೇ ನನ್ನ ಅನುಮಾನ. ಕೊನೆಯ ಪುಟಗಳಲ್ಲಿ ಹಿನ್ನೆಲೆ ಮಾಯವಾಗಿ ಬರೀ ಬಣ್ಣ ಉಳಿದಿದೆಯೇ, ನೋಡಿ.

ಸರಣಿಗಳು ಮತ್ತೆ ಮತ್ತೆ ‘ನಂ. 1’ರಿಂದ ಶುರುವಾಗುವುದು ಯಾಕೆ? ಮೊದಲ ಸಂಚಿಕೆಗೆ ಅಂಗಡಿಯವರು ಹೆಚ್ಚು ಪ್ರತಿ ತರಿಸುತ್ತಾರೆ, ಅಷ್ಟೇ. 1:25 ವೇರಿಯಂಟ್ ಮುಖಪುಟದ (ಅದೇ ಸಂಚಿಕೆಗೆ ಬೇರೆ ಚಿತ್ರದ ಅಪರೂಪದ ಮುಖಪುಟ) ಪ್ರತಿ ಒಂದು ಬೇಕಿದ್ದರೆ 25 ಮಾಮೂಲಿ ಪ್ರತಿ ತರಿಸಬೇಕು. ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಆರ್ಡರಿನ ಕೊನೆಯ ಗಡುವು ಬಿಡುಗಡೆಗೆ ಕೆಲವು ವಾರ ಮೊದಲೇ ಮುಗಿಯುವುದರಿಂದ, ಮೊದಲ ಸಂಚಿಕೆ ಹೇಗಿದೆಯೆಂದು ಓದುಗರು ಹೇಳುವಷ್ಟರಲ್ಲಿ ಎರಡನೆಯದರ ಲೆಕ್ಕ ಹೆಚ್ಚುಕಡಿಮೆ ಬರೆದಾಗಿರುತ್ತದೆ. ಹಾಗಾಗಿ ಹಿಡಿಸಿದ ಸರಣಿಯ ಹೆಸರನ್ನು ಅಂಗಡಿಯ ಪುಲ್ ಲಿಸ್ಟಿಗೆ, ಅಂದರೆ ನಿಮಗಾಗಿ ತೆಗೆದಿಡುವ ಸಂಚಿಕೆಗಳ ಪಟ್ಟಿಗೆ, ಮೊದಲೇ ಬರೆಸಿಡಿ.