ಮೊದಲು ಮರ ಯಾವುದು ಹೇಳಿ

ನಾನು ಸಾಗರದ ಕಡೆಯವಳು. ಅಡಕೆ ತೋಟದ ಮನೆ, ಮೊಟ್ಟೆ ಕೂಡ ಒಳಗೆ ಬಾರದ ಅಡುಗೆಮನೆ. ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಊರಿನ ಹತ್ತಿರ, ಒಂದು ದೊಡ್ಡ ಅಂಗಡಿಯಲ್ಲಿ ಜಿಂಕೆ ಬೇಟೆಯ ಸಾಮಾನು ಮಾರುತ್ತೇನೆ. ಗಂಡನ ಕೆಲಸದ ಮೇಲೆ ಬಂದದ್ದು. ನನಗೆ ವರ್ಕ್ ಪರ್ಮಿಟ್ ಸಿಕ್ಕಾಗ ಮನೆ ಹತ್ತಿರ ಖಾಲಿ ಇದ್ದದ್ದು ಇದೊಂದೇ ಕೆಲಸ. ಟೆಂಟು, ಬೂಟು ಮಾರುವುದು ಅಂದುಕೊಂಡು ಸೇರಿದೆ. ಆಗಸ್ಟ್‌ನಲ್ಲಿ ಎತ್ತಿ ಬೇಟೆ ವಿಭಾಗಕ್ಕೆ ಹಾಕಿದರು.

ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆದರೆ ಜೈಲು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಲೆಕ್ಕ ಇದೆ. ಸೆಪ್ಟೆಂಬರ್ ನಡುವಿನಲ್ಲಿ ಬಿಲ್ಲು ಬಾಣದ ಬೇಟೆ ಶುರು. ಕೋವಿ ಬೇಟೆ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ. ಆ ಹೊತ್ತಿಗೆ ನಮ್ಮ ಅಂಗಡಿ ಚೌತಿಯ ಹಿಂದಿನ ದಿನದ ಸಾಗರ ಪೇಟೆಯ ಹಾಗಿರುತ್ತದೆ.

ಜಿಂಕೆ ಬೇಟೆಯವರಲ್ಲಿ ತುಂಬ ಜನ ಮರದ ಮೇಲೆ ಕೂತು ಕಾಯುತ್ತಾರೆ. ಅದಕ್ಕೆ ಹಲವು ಥರದ ಅಟ್ಟಣೆ ಸಿಗುತ್ತವೆ. ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ಕ್ಲೈಂಬರ್ ಅನ್ನುವ ಜಾತಿ. ಎರಡು ತುಂಡು. ಮೇಲಿನದರಲ್ಲಿ ಕೂರುವ ಸೀಟು, ಕೆಳಗಿನದು ಪಾದ ಇಡುವ ಹಲಗೆ. ಎರಡಕ್ಕೂ ಮರವನ್ನು ಸುತ್ತಿ ಬರುವ ಒಂದೊಂದು ಕೇಬಲ್, ತೊಗಟೆ ಕಚ್ಚುವ ಹಲ್ಲು. ಸೀಟಿನ ಮೇಲೆ ಕೂತು ಕಾಲಿನಿಂದ ಕೆಳಗಿನ ತುಂಡನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಅದರ ಮೇಲೆ ಎದ್ದು ನಿಂತು ಸೀಟನ್ನು ಎತ್ತಬೇಕು. ಮತ್ತೆ ಕೂರಬೇಕು. ಕಂಬಳಿಹುಳ ಹತ್ತಿದ ಹಾಗೆ.

ಫೋಟೋ ಕಳಿಸಿದಾಗ ಅಪ್ಪ ಫೋನ್ ಮಾಡಿ ನಕ್ಕರು. "ಇದೆಂತದೇ, ನಮ್ಮ ಕೊನೆಗೌಡನ ಮಣೆ ಮತ್ತು ತಳೆಯೇ ಅಲ್ವಾ?" ನಿಜ. ಅಡಕೆ ಕೊನೆ ಕೊಯ್ಯಲು ಮರ ಹತ್ತುವ ಕೊನೆಗೌಡನಿಗೂ ಕಾಲಿಗೆ ತಳೆ, ಕೂರಲು ಮಣೆ. ಅಲ್ಲಿ ಹಗ್ಗ ಮತ್ತು ಮರದ ತುಂಡು, ಇಲ್ಲಿ ಅಲ್ಯೂಮಿನಿಯಂ. ಅಲ್ಲಿಗೆ ನನಗೆ ಎಲ್ಲ ಗೊತ್ತು ಅನಿಸಿಬಿಟ್ಟಿತು. ತಪ್ಪು ಶುರುವಾದದ್ದೇ ಅಲ್ಲಿಂದ.

ಅಕ್ಟೋಬರ್‌ನಲ್ಲಿ ಒಬ್ಬರು ಬಂದರು. ಹಗುರದ್ದು ಬೇಕು ಅಂದರು. ಸುಮಾರು 20 ಪೌಂಡ್, ಅಂದರೆ 9 ಕಿಲೋ ತೂಗುವ, 300 ಪೌಂಡ್ ಹೊರುವ ಒಂದನ್ನು ತೋರಿಸಿದೆ. ಹತ್ತೇ ನಿಮಿಷದಲ್ಲಿ ವ್ಯಾಪಾರ ಮುಗಿಯಿತು. "ಎಲ್ಲ ಬಾಕ್ಸ್‌ನಲ್ಲೇ ಇದೆ, ಪುಸ್ತಕ ನೋಡಿಕೊಂಡು ಜೋಡಿಸಿ" ಅಂದೆ.

ಎರಡು ವಾರ ಬಿಟ್ಟು ಅವರು ಸೊಟ್ಟಗಾದ ಕೆಳಗಿನ ತುಂಡನ್ನು ಹಿಡಿದು ಬಂದರು. ಬಿಡಿ ಭಾಗ ಸಿಗುತ್ತದಾ ಅಂತ ಕೇಳಲು. ಆದದ್ದು ಇಷ್ಟು. ಸುಮಾರು 18 ಅಡಿ ಹತ್ತಿ ಸೀಟಿನ ಮೇಲೆ ಕೂತಿದ್ದಾರೆ. ಕಾಲು ಸ್ವಲ್ಪ ಎತ್ತಿದ್ದಾರೆ. ಕೆಳಗಿನ ತುಂಡಿಗೆ ಕಾಲಿನ ಭಾರ ಇರುವ ತನಕ ಮಾತ್ರ ಹಿಡಿತ. ಭಾರ ತಪ್ಪಿದರೆ ಹಲ್ಲು ಬಿಡುತ್ತದೆ. ಅದು ಜಾರಿ ಸೀದಾ ನೆಲಕ್ಕೆ ಬಿದ್ದಿದೆ. ಅಷ್ಟು ಎತ್ತರದಲ್ಲಿ ಸೀಟು ಮಾತ್ರ, ಪಾದಕ್ಕೆ ಏನೂ ಇಲ್ಲ. ಹಾರ್ನೆಸ್, ಅಂದರೆ ಬಿದ್ದರೆ ಹಿಡಿಯಲು ಮೈಗೆ ಬಿಗಿದು ಮರಕ್ಕೆ ಸಿಕ್ಕಿಸುವ ಪಟ್ಟಿ, ಹಾಕಿದ್ದರು, ಪುಣ್ಯ. ಫೋನ್ ಮಾತ್ರ ಕೆಳಗಿದ್ದ ಚೀಲದಲ್ಲಿ. ಕತ್ತಲಾದ ಮೇಲೆ ಹೆಂಡತಿ ಗಾಬರಿಯಾಗಿ ತಮ್ಮನನ್ನು ಕಳಿಸುವ ತನಕ ಮೂರು ಗಂಟೆ ಹಾಗೇ ಕೂತಿದ್ದರಂತೆ.

ಹಾಗೆ ಆಗಬಾರದು ಅಂತಲೇ ಎರಡು ತುಂಡುಗಳ ನಡುವೆ ಕಟ್ಟಲು ಒಂದು ಹಗ್ಗ ಕೊಟ್ಟಿರುತ್ತಾರೆ. "ಅದು ಕಟ್ಟಿದ್ರಾ?" ಅಂತ ಕೇಳಿದೆ. ಪ್ಲಾಸ್ಟಿಕ್ ಕವರ್ ಕೂಡ ಒಡೆದಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ಬಾಕ್ಸ್ ಬಿಚ್ಚದೆ ನಾನು ಕ್ಲೈಂಬರ್ ಕೊಡುವುದಿಲ್ಲ. ಅಂಗಡಿಯಲ್ಲಿ ಒಂದು ಮರದ ಕಂಬ ನಿಲ್ಲಿಸಿದ್ದಾರೆ. ಗಿರಾಕಿ ಅದನ್ನು ಹತ್ತುವಂತಿಲ್ಲ, ಇನ್ಶೂರೆನ್ಸ್ ತಕರಾರು. ಮೊಣಕಾಲಿನ ಎತ್ತರಕ್ಕೆ ಎರಡೂ ತುಂಡು ಕೂರಿಸಿ, ನಡುವಿನ ಹಗ್ಗವನ್ನು ಅವರ ಕೈಯಲ್ಲೇ ಕಟ್ಟಿಸುತ್ತೇನೆ. ಕಾಲು ಗಂಟೆ ಹೋಗುತ್ತದೆ. ಜಾಸ್ತಿ ಜನ ಇರುವ ದಿನ ನನ್ನ ಹಿಂದೆ ಸಾಲು ಬೆಳೆಯುತ್ತದೆ, ಮ್ಯಾನೇಜರ್ ದೂರದಿಂದ ಗಡಿಯಾರ ನೋಡುತ್ತಾರೆ. ನೋಡಲಿ.

ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಜಾಗದಲ್ಲಿ ಎಂಥ ಮರ ಇದೆ? ತುಂಬ ಜನ ಇಂಟರ್ನೆಟ್‌ನಲ್ಲಿ ನೋಡಿ ಸಮ್ಮಿಟ್ ವೈಪರ್ ಅನ್ನುವ ಕ್ಲೈಂಬರ್ ಬೇಕು, ಇನ್ನೊಂದು ಬೇಕು ಅಂತ ಹೆಸರು ಹಿಡಿದೇ ಬರುತ್ತಾರೆ. ಮರದ ಬಗ್ಗೆ ಕೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಕ್ಲೈಂಬರ್‌ಗೆ ನೆಟ್ಟಗಿನ ಮರ ಬೇಕು, ಕೂರುವ ಎತ್ತರದ ತನಕ ಕೊಂಬೆ ಇರಬಾರದು. ದಪ್ಪ ಸಾಮಾನ್ಯವಾಗಿ 8ರಿಂದ 20 ಇಂಚಿನ ಒಳಗಿರಬೇಕು. ದಕ್ಷಿಣದ ರಾಜ್ಯಗಳಲ್ಲಿ ಲಾಬ್ಲಾಲಿ ಪೈನ್ ಮರಗಳು ಅಡಕೆಯ ಹಾಗೆ ಸಾಲಾಗಿ ನಿಂತಿರುತ್ತವೆ, ಅಲ್ಲಿ ಇದು ಹೇಳಿ ಮಾಡಿಸಿದ್ದು. ನಮ್ಮ ಕಡೆ ಓಕ್ ಜಾಸ್ತಿ. ಬಯಲಲ್ಲಿ ಬೆಳೆದ ಓಕ್ ಕೆಳಗಿನಿಂದಲೇ ಕೊಂಬೆ ಚಾಚುತ್ತದೆ. ಆಸ್ಪೆನ್ ನೆಟ್ಟಗಿರುತ್ತದೆ, ಆದರೆ ತೊಗಟೆ ನುಣುಪು, ಮಂಜು ಕಟ್ಟಿದ ಬೆಳಗ್ಗೆ ಹಲ್ಲು ನಿಲ್ಲುವುದು ಕಷ್ಟ. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಹಳೆ ಗೋಡೆಯ ಸುಣ್ಣದ ಹಾಗೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹಲ್ಲು ಕಚ್ಚುವುದು ಮರವನ್ನಲ್ಲ, ಆ ಚಕ್ಕೆಯನ್ನು. ಇನ್ನು ಆಶ್ ಮರ. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಹಸಿರು ಬಣ್ಣದ ಒಂದು ಕೊರಕ ಹುಳ 2008ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಸಿಕ್ಕಿತು. ಅದು ಹೊಕ್ಕ ಆಶ್ ನಿಂತಲ್ಲೇ ಸಾಯುತ್ತದೆ. ನವೆಂಬರ್‌ನಲ್ಲಿ ಎಲ್ಲ ಮರವೂ ಬೋಳು, ಸತ್ತದ್ದು ಯಾವುದು ಅಂತ ದೂರದಿಂದ ಗೊತ್ತಾಗುವುದಿಲ್ಲ. ಅದಕ್ಕೇ ಎಲೆ ಇರುವಾಗಲೇ ಹೋಗಿ ಮರ ಗುರುತು ಮಾಡಿ ಬನ್ನಿ ಅನ್ನುತ್ತೇನೆ.

ಇಷ್ಟು ಹೇಳಿದ ಮೇಲೆ ಕೆಲವರು ಕ್ಲೈಂಬರ್ ಬಿಟ್ಟು ಏಣಿ ಇರುವ ಅಟ್ಟಣೆ ಕೊಂಡು ಹೋಗುತ್ತಾರೆ. ಅದು ಸರಿಯೇ. ಆದರೆ ಇಲ್ಲಿ ರಾಜ್ಯದ ದಕ್ಷಿಣ ಭಾಗದ ಸರ್ಕಾರಿ ಜಮೀನಿನಲ್ಲಿ ಕೂರುವವರು ದಿನ ಮುಗಿದ ಮೇಲೆ ಅಟ್ಟಣೆ ಬಿಚ್ಚಿ ತರಬೇಕು. ಅವರಿಗೆ ಬೆನ್ನಿಗೆ ಹಾಕಿಕೊಂಡು ಹೋಗಿ ಬರುವ ಕ್ಲೈಂಬರೇ ವಾಸಿ.

ಅಡಕೆ ಮರ ನೋಡಿ ಬೆಳೆದವಳಿಗೆ ಅರ್ಥವಾಗಲು ತಡವಾದದ್ದು ಇನ್ನೊಂದಿದೆ. ಅಡಕೆ ಬುಡದಿಂದ ತುದಿಗೆ ಹೆಚ್ಚುಕಡಿಮೆ ಒಂದೇ ದಪ್ಪ. ಇಲ್ಲಿನ ಮರ ಮೇಲೆ ಹೋದ ಹಾಗೆ ಸಣ್ಣಗಾಗುತ್ತದೆ. ಕೇಬಲ್‌ನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಬುಡದಲ್ಲಿ ಹಲಗೆಯನ್ನು ಮಟ್ಟಸವಾಗಿ ಕಟ್ಟಿದರೆ 20 ಅಡಿ ಮೇಲೆ ಅದು ಮುಂದಕ್ಕೆ ಜಗ್ಗಿ ಇಳಿಜಾರಾಗುತ್ತದೆ. ಹಾಗಾಗಿ ನೆಲದಲ್ಲಿ ಕಟ್ಟುವಾಗಲೇ ಹಲಗೆಯ ಮುಂದಿನ ತುದಿ ಮೇಲೆ ನೋಡುವ ಹಾಗೆ ಕಟ್ಟಬೇಕು. ಮೇಲೆ ಮುಟ್ಟುವಾಗ ಸರಿಯಾಗುತ್ತದೆ. ಕಂಬದ ಮೇಲೆ ಇದನ್ನು ತೋರಿಸಲು ಬರುವುದಿಲ್ಲ. ಕಂಬವೂ ಅಡಕೆಯ ಹಾಗೇ, ಒಂದೇ ದಪ್ಪ! ಕೈಯಲ್ಲಿ ಗಾಳಿಯಲ್ಲೇ ತೋರಿಸುತ್ತೇನೆ.

ತೂಕದ ವಿಷಯ ಸಣ್ಣದು. 300 ಪೌಂಡ್ ಅಂದರೆ ಬಟ್ಟೆ, ಬೂಟು, ಕೋವಿ, ಚೀಲ ಎಲ್ಲ ಸೇರಿ. ಬರೀ ಮೈಯ ತೂಕ ಅಲ್ಲ.

ಹಾರ್ನೆಸ್ ವಿಷಯಕ್ಕೆ ಮಾತ್ರ ನಾನು ಹಠಮಾರಿ. ಬಾಕ್ಸ್‌ನಲ್ಲಿ ಒಂದು ಬಂದೇ ಇರುತ್ತದೆ, ಆದರೆ ಅದರ ಪಟ್ಟಿಗಳು ಜಾತ್ರೆಯಲ್ಲಿ ಸಿಕ್ಕು ಹಾಕಿಕೊಂಡ ದಾರದ ಹಾಗೆ. ಕತ್ತಲಲ್ಲಿ, ಕೈಗವಸು ಹಾಕಿ ಯಾರು ಬಿಡಿಸುತ್ತಾರೆ? ಮೂಲೆಗೆ ಹೋಗುತ್ತದೆ. ಅದಕ್ಕೇ ಬೇರೆ, ಜಾಕೆಟ್ ಥರ ಹಾಕುವಂಥದ್ದು ತೋರಿಸುತ್ತೇನೆ. ಮ್ಯಾನೇಜರ್‌ಗೆ ಇದು ಖುಷಿ, ಬಿಲ್ ಏರುತ್ತದೆ. ಮೇಲೆ ಹೋಗಿ ಕೂತ ಮೇಲೆ ಕಟ್ಟಿದರೆ ಪ್ರಯೋಜನ ಕಡಿಮೆ, ಹತ್ತುವಾಗ ಇಳಿಯುವಾಗಲೂ ಜನ ಬೀಳುತ್ತಾರೆ. ನೆಲ ಬಿಡುವ ಮೊದಲೇ ಮರಕ್ಕೆ ಸಿಕ್ಕಿಸಿ, ಪಟ್ಟಿಯನ್ನು ತಲೆಯ ಮೇಲೆ ದೂಡುತ್ತಾ ಹತ್ತಬೇಕು. ಬಿದ್ದು ನೇತಾಡಿದರೂ ಮುಗಿಯಲಿಲ್ಲ. ತೊಡೆಯ ಪಟ್ಟಿ ಬಿಗಿದು ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಕಾಲಿಟ್ಟು ಭಾರ ಬಿಡಲು ಒಂದು ಪಟ್ಟಿಯ ಕುಣಿಕೆ ಇರುತ್ತದೆ, ಅದು ಯಾವ ಜೇಬಿನಲ್ಲಿದೆ ಅಂತ ಕೈಯಿಂದ ಮುಟ್ಟಿಸುತ್ತೇನೆ. ಫೋನ್ ಎದೆಯ ಜೇಬಿನಲ್ಲಿ. ಕೋವಿಯನ್ನು ತೋಟಾ ತೆಗೆದು, ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಅಡಕೆ ಕೊನೆ ಇಳಿಸುವುದರ ಉಲ್ಟಾ.

ಕಳೆದ ವಾರ ಅಪ್ಪನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಆ ಸ್ಟ್ಯಾಂಡ್ ನಮ್ಮ ತೋಟಕ್ಕೆ ಆಗ್ತದಾ ಅಂತ ಕೇಳಿದರು. ಆಗುವುದಿಲ್ಲ, ಅಡಕೆ ಮರ ಅದಕ್ಕೆ ತೀರಾ ಸಪೂರ, ಹಲ್ಲು ತಾಗಿದರೆ ಮರಕ್ಕೂ ಗಾಯ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಆ ಬೆಲ್ಟ್ ಒಂದು ತಗಂಡು ಬಾ. ಗೌಡನಿಗೆ" ಅಂದರು. ಸೊಂಟದ ಅಳತೆ ಬೇಕು ಅಂದೆ. ಕೊನೆಗೌಡರನ್ನೇ ಫೋನಿಗೆ ಕರೆದರು.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಅಮ್ಮಾ, ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿ ಹೋಗುವಾಗ ಇದನ್ನು ಎಂತ ಮಾಡೂದು?"

ಇಲ್ಲಿ ಯಾವ ಗಿರಾಕಿಯೂ ಇದನ್ನು ಕೇಳಿರಲಿಲ್ಲ. ನೋಡಿ ಹೇಳ್ತೇನೆ ಅಂದೆ. ಎರಡು ಪಟ್ಟಿ ಬೇಕು, ಒಂದು ಹೊಸ ಮರಕ್ಕೆ ಸಿಕ್ಕಿಸಿದ ಮೇಲೆ ಇನ್ನೊಂದನ್ನು ಬಿಡಬೇಕು. ಆದರೆ ತೂಗುತ್ತಿರುವ ಮರದ ಮೇಲೆ ಒಂದೇ ಕೈಯಲ್ಲಿ ಆ ಕೊಂಡಿ ಹಾಕಲು ಬರುತ್ತದಾ? ನಾಳೆ ರಜೆ. ಕಂಬದ ಹತ್ತಿರ ಹೋಗಿ ಒಂದು ಕೈಯಲ್ಲಿ ಹಾಕಿ ನೋಡಬೇಕು.